ಡಿಶ್ಶಿನಲ್ಲಿ ಸಂಡಿಗೆ, ಟಿವಿಯಲ್ಲಿ ದ್ವೀಪ

ಭಾನುವಾರ ನನ್ನ ಅಪ್ಪ ಊಟಕ್ಕೆ ಬರುವಷ್ಟರಲ್ಲಿ ಟಿವಿಯಲ್ಲಿ ಫಾರಿನ್ ಚಾನೆಲ್ ಬರಲೇಬೇಕು. ಬರದಿದ್ದರೆ ಡಿಶ್ ಬಿಚ್ಚಿ, ಅದರ ತಂತಿ ಜಾಳಿಗೆಯನ್ನು ಜರಡಿ ಮಾಡಲು ಗಿರಣಿಗೆ ಒಯ್ಯುವುದು. ಇದು ನನ್ನ ಮಾವನವರ ಆರ್ಡರ್!

ಎಂಬತ್ತರ ದಶಕದ ಕೊನೆ. ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ರಾಯಚೂರಿನ ಕಾನ್ವೆಂಟಿನಲ್ಲಿ ಓದಿದ ನಾನು ಮಾನ್ವಿಯ ಅಕ್ಕಿ ಗಿರಣಿಯವರ ಮನೆಗೆ ಸೊಸೆಯಾಗಿ ಬಂದಿದ್ದೆ.

ನನ್ನ ಗಂಡನೋ… ಗಿರಣಿ ಬಿಟ್ಟು ಟಿವಿ ಹುಚ್ಚು ಹಿಡಿಸಿಕೊಂಡವರು. ನನ್ನ ಜೊತೆ ಮಾತಾಡುವಾಗಲೂ ಆಕಾಶ ನೋಡುತ್ತಿದ್ದರು. ಸೋ ಸ್ವೀಟ್!

ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ, ಜಾಳಿಗೆ ಬಿಗಿದು, ಮಾಳಿಗೆ ತುಂಬುವಂಥ ಡಿಶ್ ಮಾಡಿದ್ದರು. ಹೈದರಾಬಾದಿನಿಂದ ರಿಸೀವರ್ ಬೇರೆ. ಟಿವಿಯಲ್ಲಿ ಬಂದದ್ದು ಮಾತ್ರ ಬರೀ ಸುಯ್ಯ್…

ಅಳಿಯ ಕೆಲಸಕ್ಕೆ ಬಾರದವನು ಎಂದು ಅಪ್ಪನಿಗೆ ಮೊದಲೇ ಅನುಮಾನ. ನನಗಂತೂ ಅಳುವೇ ಬರುತ್ತಿತ್ತು.

ಭಾನುವಾರ ಬೆಳಿಗ್ಗೆಯೂ ಡಿಶ್ ತಿರುಗಿಸಿ ತಿರುಗಿಸಿ ಸೋತು, ಇವರು ಟಿವಿ ಮುಂದೆ ತಲೆ ಹಿಡಿದು ಕೂತಿದ್ದಾರೆ. ನಾನು ಪಕ್ಕದಲ್ಲಿ ಬೀಸಣಿಗೆ ಬೀಸುತ್ತಿದ್ದೇನೆ.

ಇದ್ದಕ್ಕಿದ್ದಂತೆ ಟಿವಿ ಮಾತಾಡಿತು. ಹೆಂಗಸಿನ ದನಿ. ಇಂಗ್ಲಿಷಿನಲ್ಲಿ!

ಇಬ್ಬರೂ ಮಾಳಿಗೆಗೆ ಓಡಿದೆವು. ನೋಡಿದರೆ… ಅತ್ತೆ ಡಿಶ್ಶಿನೊಳಗೆ ಹಳೆಯ ಧೋತರ ಹಾಸಿ ಸಂಡಿಗೆ ಇಡುತ್ತಿದ್ದಾರೆ! ಹಿಟ್ಟು ಜಾರಬಾರದೆಂದು ಕೆಳಗೊಂದು ಕಲ್ಲು ಕೊಟ್ಟು ಡಿಶ್ಶನ್ನು ಸಪಾಟು ಮಾಡಿದ್ದಾರೆ. ಇವರಿಗೆ ಸಿಗದ ದಿಕ್ಕು ಆ ಕಲ್ಲಿಗೆ ಸಿಕ್ಕಿತ್ತು!

"ಇಷ್ಟ ದೊಡ್ಡ ಬುಟ್ಟಿ ಬಿಸಲಾಗ ಖಾಲಿ ಬಿದ್ದಿತ್ತಲ್ಲೋ. ಏನ ತಪ್ಪಾತು?"

"ಯವ್ವಾ, ಕೈ ಮುಗೀತೀನಿ, ಆ ಕಲ್ಲ ಮುಟ್ಟಬ್ಯಾಡ! ಸಂಡಿಗಿನೂ ಮುಟ್ಟಬ್ಯಾಡ!"

ಅಪ್ಪ ಬಂದರು. ದನಿ ಸ್ಪಷ್ಟ, ಆದರೆ ಚಿತ್ರದ ಜಾಗದಲ್ಲಿ ಬರೀ ಬಣ್ಣದ ಗೆರೆಗಳು.

"ಏನ್ರೀ ಅಳಿಯಂದಿರ, ಫಾರಿನ್ನಿನವ್ರು ಜಮಖಾನಿ ತೋರಸಾಕತ್ತಾರೇನು?"

ಇವರ ಮುಖ ಬಾಡಿತು. ಮಾವನವರು ಆಗಲೇ ಗಿರಣಿಯ ಕಡೆ ನೋಡುತ್ತಿದ್ದಾರೆ. ಇಂಗ್ಲಿಷ್ ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ. ಟಿವಿ ಪಕ್ಕ ನಿಂತು, ಕೇಳಿದ್ದನ್ನು ಕನ್ನಡದಲ್ಲಿ ಹೇಳಲು ಶುರು ಮಾಡಿದೆ.

ಇದು ಯಾವುದೋ ಪುಟ್ಟ ದ್ವೀಪಗಳ ಚಾನೆಲ್. ದುಡ್ಡು ಕಟ್ಟಿದ ಮನೆಗೆ ಒಂದು ಪೆಟ್ಟಿಗೆ ಕೊಡುತ್ತಾರೆ, ಆಗ ಚಿತ್ರ ಕಾಣುತ್ತದೆ. ಕಟ್ಟದವರಿಗೆ ಗೆರೆ.

"ಪೆಟಗಿ ಯಾವಾಗ ಬರ್ತದಂತ?" ಮಾವನವರು ಕೇಳಿದರು.

"ಗುರುವಾರ ದೋಣ್ಯಾಗ ಬರ್ತದಂತ್ರಿ, ಮಾವಾರ."

"ಮಾನ್ವಿ ತನಕ ಬರಂಗಿಲ್ಲ ಬಿಡು."

ಅಷ್ಟರಲ್ಲಿ ಹವಾಮಾನ ಸುದ್ದಿ. ಸಮುದ್ರ ಕೆರಳಿದೆ, ಯಾರೂ ನೀರಿಗೆ ಇಳಿಯಬೇಡಿ, ಬೆಳಿಗ್ಗೆ ಹೋದ ಮೀನು ದೋಣಿಗಳು ಇನ್ನೂ ಮರಳಿಲ್ಲ… ಹೇಳುತ್ತಾ ಹೇಳುತ್ತಾ ನಾನೇ ಟಿವಿಗೆ ಕಿವಿ ಹಚ್ಚಿದೆ.

ಅತ್ತೆ ದೇವದುರ್ಗದವರು, ತುಂಬಿದ ಕೃಷ್ಣೆಯಲ್ಲಿ ಹರಿಗೋಲು ಹೊಯ್ದಾಡುವುದನ್ನು ಕಂಡವರು. ತಟ್ಟನೆ ಎದ್ದರು. "ಬೀಗರ, ಇವತ್ತ ನೀವು ಹೊಂಡಂಗಿಲ್ಲ."

"ನಾ ಬಸ್ಸಿಗೆ ಹೋಗಾಂವ್ರಿ ಅಕ್ಕಾರ! ರಾಯಚೂರಿನ ಹಾದ್ಯಾಗ ಸಮುದ್ರ ಎಲ್ಲದ?"

"ಇಂಗ್ಲಿಷಿನ್ಯಾಗ ಹೇಳಾಕತ್ತಾರ. ಸುಳ್ಳ ಹೇಳ್ತಾರೇನು?"

ಅಪ್ಪ ನಕ್ಕರು, ಊಟ ಮಾಡಿದರು, ಚೀಲ ಹಿಡಿದರು. ಬಾಗಿಲವರೆಗೆ ಹೋಗಿ ನಿಂತರು.

"ಆ ದೋಣಿ ಹೊಳ್ಳಿ ಬಂದ್ವೇನವಾ?"

"ಇನ್ನೂ ಇಲ್ಲಪ್ಪಾ."

ಮಗಳ ಮನೆಯಲ್ಲಿ ತಂಗಬಾರದು ಎನ್ನುವ ನನ್ನ ಅಪ್ಪ ಚೀಲ ಕೆಳಗಿಟ್ಟು ಗೆರೆಗಳ ಮುಂದೆ ಕೂತೇಬಿಟ್ಟರು! ಪಕ್ಕದಲ್ಲಿ ಮಾವನವರು. ಇಬ್ಬರೂ ಗೆರೆಗಳಲ್ಲೇ ದೋಣಿ ಹುಡುಕುತ್ತಿದ್ದಾರೆ.

ಮರುದಿನ ಬೆಳಿಗ್ಗೆ ದೋಣಿಗಳೆಲ್ಲ ದಡ ಸೇರಿದವು ಎಂದು ಆ ಹೆಂಗಸು ಹೇಳಿದಳು. ನಾನು ಕಿರುಚಿದೆ. ಅಪ್ಪ ಅಳಿಯನ ಬೆನ್ನು ತಟ್ಟಿದರು. "ಭಾಳ ದೂರದ ಸುದ್ದಿ ತಂದ್ರಿ ನೀವು."

ಮಾವನವರು ಕೆಮ್ಮಿ, "ಜಾಳಗಿ ಇರ್ಲಿ ಬಿಡು, ಗಿರಣಿಗೆ ಬ್ಯಾರೆ ತರೋಣು" ಎಂದರು.

ಡಿಶ್ ಉಳಿಯಿತು, ಕಲ್ಲೂ ಉಳಿಯಿತು. ಸಂಡಿಗೆ ಮಾತ್ರ ಮಳೆಗಾಲದವರೆಗೆ ಯಾರೂ ಮುಟ್ಟಲಿಲ್ಲ… ಸಿಗ್ನಲ್ ಹೋದರೆ? ನಿಮ್ಮ ಮನೆಯಲ್ಲೂ ಹೀಗೆ ಯಾರೂ ಮುಟ್ಟಬಾರದ ಒಂದು ವಸ್ತು ಇತ್ತಾ?