ಹದಿನಾಲ್ಕನೇ ನಂಬರಿನ ಮನೆ

ದೋಹಾಕ್ಕೆ ಬಂದು ಇಷ್ಟು ವರ್ಷವಾದರೂ ಐನ್ ಖಾಲಿದ್‌ನ ನಮ್ಮ ಮನೆಯ ಹಿಂದಿನ ರಸ್ತೆಯ ಹೆಸರು ನನಗೆ ಗೊತ್ತಿಲ್ಲ. ಆದರೆ ಜೆಕ್ ದೇಶದ ಒಂದು ಪುಟ್ಟ ಹಳ್ಳಿಯ ಮೂಲೆಮೂಲೆಯೂ ಬಾಯಿಪಾಠ. ಉತ್ತರಕ್ಕೆ ಪೈನ್ ಮರಗಳ ಗುಡ್ಡ, ಬುಡದಲ್ಲಿ ಹಳ್ಳ, ಹಳ್ಳಕ್ಕೆ ಕಟ್ಟೆ ಹಾಕಿ ಮಾಡಿದ ಮೀನಿನ ಕೆರೆ, ಪಕ್ಕದಲ್ಲೊಂದು ಚಿಕ್ಕ ಚರ್ಚು. ಚಳಿಗಾಲಕ್ಕೆ ಮುಂಚೆ ಕೆರೆಯ ನೀರು ಬಿಟ್ಟು ಊರವರೆಲ್ಲ ಮೀನು ಹಿಡಿಯುತ್ತಾರೆ. ಕ್ರಿಸ್‌ಮಸ್ ಊಟಕ್ಕೆ ಅದೇ ಆಗಬೇಕು.

ಇದನ್ನೆಲ್ಲ ಕಲಿಸಿದವನು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಇಂಜಿನಿಯರ್. ನನಗಿಂತ ಹತ್ತು ವರ್ಷ ಚಿಕ್ಕವನು, ಆ ಊರಿನವನು. ಅಲ್ಲಿ ಪ್ರತಿ ಹಳ್ಳಿಗೂ ಒಂದು ದಪ್ಪ ಪುಸ್ತಕವಿರುತ್ತದೆ. ಆ ವರ್ಷದ ಮಳೆ, ಬೆಳೆ, ಹುಟ್ಟು, ಸಾವು ಎಲ್ಲ ಅದರಲ್ಲಿ ಬರೆದಿಡಬೇಕು. ಬರೆಯುವವರನ್ನು ಊರೇ ನೇಮಿಸುತ್ತದೆ. ಆ ಕೆಲಸ ಇವನದು, ಕತಾರಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ತಾಯಿಗೆ ಫೋನ್ ಮಾಡಿ ಸುದ್ದಿ ಕೇಳುವುದು, ನನ್ನ ಡಬ್ಬಿಯ ಪುಳಿಯೋಗರೆ ತಿನ್ನುತ್ತ ನನಗೆ ವರದಿ ಒಪ್ಪಿಸುವುದು. ಅದು ನನ್ನಿಂದ ಗಂಡನಿಗೆ.

"ಏನೇ, ನಿನ್ನೂರಲ್ಲಿ ಇವತ್ತು ಹಿಮ ಬಿತ್ತಾ?" ಎಂದು ಅವರು ರೇಗಿಸುತ್ತಿದ್ದರು.

ಆ ಪುಸ್ತಕದಲ್ಲಿ ಒಂದು ವಿಷಯ ಮಾತ್ರ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿನ ಜರ್ಮನ್ ಮಾತಿನ ಕುಟುಂಬಗಳನ್ನೆಲ್ಲ ಸರ್ಕಾರದವರು ಬಲವಂತವಾಗಿ ಗಡಿ ದಾಟಿಸಿದ್ದರು. ಖಾಲಿ ಮನೆಗಳಿಗೆ ಬೇರೆ ಕಡೆಯವರು ಬಂದು ಸೇರಿಕೊಂಡರು. ಇವನ ಅಜ್ಜ ಅಜ್ಜಿಗೆ ಸಿಕ್ಕಿದ್ದು ಹದಿನಾಲ್ಕನೇ ನಂಬರಿನ ಮನೆ. ಹೋದವರ ಬಗ್ಗೆ ಒಂದು ಸಾಲೂ ಇಲ್ಲ, ಅದನ್ನು ಬರೆಯಲೇಬೇಕೆಂದು ಇವನ ಹಟ. ಊರಿನ ಪಂಚಾಯಿತಿ ಒಪ್ಪಬೇಕು. ತಾಯಿಯೂ ಅಲ್ಲಿ ಸದಸ್ಯೆ, ಅವರೇ ಮೊದಲ ವಿರೋಧಿ. ಬರೆದರೆ ಆ ಜನರ ಮೊಮ್ಮಕ್ಕಳು ಮನೆ ಕೇಳಿಕೊಂಡು ಬಂದಾರೆಂಬ ಭಯ. ಒಂದು ತಿಂಗಳಿಂದ ಅವರು ಮಗನ ಜೊತೆ ಹವಾಮಾನ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ.

ಕೇಳದಿದ್ದರೂ ಬುದ್ಧಿ ಹೇಳುವ ಚಾಳಿ ನನ್ನದು. "ಹಳೇದನ್ನ ಯಾಕಪ್ಪಾ ಕೆದಕ್ತೀಯ? ಅಮ್ಮನ ಮನಸ್ಸು ಮುಖ್ಯ. ಖಲಾಸ್" ಎಂದೆ. ಎರಡು ದಿನ ಅವನು ನನ್ನ ಡಬ್ಬಿಯ ಕಡೆ ತಿರುಗಲಿಲ್ಲ. ನನಗೂ ಊಟ ಸೇರಲಿಲ್ಲ.

ಮೂರನೇ ದಿನ ಸಂಜೆ ಪಂಚಾಯಿತಿ ಸಭೆ. ಕಂಪ್ಯೂಟರಿನ ಪರದೆಯಲ್ಲಿ ಏಳು ಜನ ಕೂತಿದ್ದರು. "ಒಬ್ಬನೇ ಕೂರೋಕಾಗಲ್ಲ, ಜೊತೆಗಿರಿ" ಎಂದ. ಹಳೇ ದಾಖಲೆಗಳಲ್ಲಿ ಹುಡುಕಿ ತೆಗೆದಿದ್ದ, ಊರು ಬಿಟ್ಟು ಹೋದವರ ಹೆಸರುಗಳನ್ನು ಅವನು ಮನೆಮನೆಯಂತೆ ಓದಿದ. ಭಾಷೆ ಬಾರದಿದ್ದರೂ, ಒಂದೊಂದು ಹೆಸರಿನ ಬಳಿ ಅವನು ತಡೆದು ಮುಂದೆ ಓದುತ್ತಿದ್ದುದು ತಿಳಿಯುತ್ತಿತ್ತು. ನನ್ನ ಉಪದೇಶ ನೆನೆದು ನಾಚಿಕೆಯಾಯಿತು.

ಮೂವರು ಕೈ ಎತ್ತಿದರು, ಮೂವರು ಎತ್ತಲಿಲ್ಲ. ಉಳಿದವರು ತಾಯಿ. ಅವರು ಏನೋ ಕೇಳಿದರು.

"ನಮ್ಮ ಮನೇಲಿ ಯಾರಿದ್ರು ಅಂತ ಕೇಳ್ತಿದ್ದಾರೆ" ಎಂದು ನನಗೆ ಪಿಸುಗುಟ್ಟಿ, ಅವನು ಮತ್ತೆ ಓದಿ ನನಗೂ ಹೇಳಿದ: ಗಂಡ, ಹೆಂಡತಿ, ಒಬ್ಬ ಅಜ್ಜಿ, ಮೂರು ತಿಂಗಳ ಹೆಣ್ಣುಮಗು.

ತಾಯಿ ಕೈ ಎತ್ತಿದರು. ಎತ್ತಿದ ಕೈ ಇಳಿಸದೆಯೇ ಇನ್ನೊಂದು ಮಾತು ಹೇಳಿದರು. ಇವನು ಪೆನ್ನು ಕೆಳಗಿಟ್ಟ.

"ಏನಂದ್ರು?"

"ಹಾಗಾದ್ರೆ ಅಟ್ಟದ ಮೇಲಿರೋ ತೊಟ್ಟಿಲು ಆ ಮಗುದು, ಅದನ್ನೂ ಬರಿ ಅಂದ್ರು." ಅವನು ಕಣ್ಣೊರೆಸಿಕೊಂಡ. "ನನ್ನನ್ನ ಮಲಗಿಸಿದ್ದೂ ಅದರಲ್ಲೇ."