ಗುಡಿಸದೆ ಬಿಟ್ಟ ಹಳದಿ ಕಾಗದ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೌದ್ಧ ಗುಡಿಯ ಹಿಂದಿನ ಸ್ಮಶಾನದಲ್ಲಿ ತೊಕಿಯೆ ಹತಕೆಯಾಮ ಆಗಲೇ ಸಲಿಕೆ ಹಿಡಿದು ನಿಂತಿದ್ದಾರೆ. ಏಪ್ರಿಲ್ ಬಂದರೂ ಉತ್ತರ ಜಪಾನಿನ ಒಗಿನೊಸಾವ ಕಣಿವೆಯಲ್ಲಿ ಹಿಮ ಮೊಣಕಾಲುದ್ದ ಉಳಿದಿದೆ. ತಲೆಗೆ ಬಿಗಿದ ಟವೆಲು, ಕಾಲಿಗೆ ರಬ್ಬರ್ ಬೂಟು, ಸೊಂಟದಲ್ಲಿ ಸಿಕ್ಕಿಸಿದ ಬ್ರಶ್ಶು. ಕಲ್ಲಿನ ಮೇಲಿನ ಹಿಮ ತಳ್ಳುವಾಗ ಸತ್ತವರನ್ನು ಎಬ್ಬಿಸುವಂತೆ ಮಾತಾಡುತ್ತಾರೆ: "ಏಳಿ ಸಾತೊ ಅಜ್ಜಿ, ಬೆಳಗಾಯ್ತು. ಈ ಸಲಾನೂ ನಿಮ್ಮ ಮೊಮ್ಮಗ ಟೋಕಿಯೊದಿಂದ ಬರ್ಲಿಲ್ಲ. ಫೋಟೊ ಕಳ್ಸಿ ಅಂದಿದಾನೆ. ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ."

ದಿನವೂ ಅವರ ಕೆಲಸ ಹೀಗೇ ಸಾಗುತ್ತದೆ. ಇವತ್ತು ಮಾತ್ರ ಕೈ ಆಗಾಗ ಸಲಿಕೆ ಬಿಟ್ಟು ಅಂಗಿಯ ಒಳಜೇಬಿಗೆ ಹೋಗುತ್ತದೆ. ಅಲ್ಲಿ ಚೀನಾದಿಂದ ಅಂಚೆಯಲ್ಲಿ ಬಂದ ಹಳದಿ ಕಾಗದ ಇದೆ. ಸ್ಮಶಾನದ ಆಚೆ ತುದಿಯಲ್ಲಿರುವ ಒಂದು ಮಣ್ಣಿನ ದಿಬ್ಬದ ಮೇಲೆ ಇವತ್ತು ಅದನ್ನು ಅವರೇ ಇಡಬೇಕು. ಹೊರಗಿನವಳಾದ ತಾನು ಇಟ್ಟರೆ ಅದು ಸಲ್ಲುತ್ತದೆಯೇ ಎಂಬ ಯೋಚನೆಯಲ್ಲಿ ಅವರಿಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಎಪ್ಪತ್ತೊಂದರ ತೊಕಿಯೆ ಹುಟ್ಟಿದ್ದು ಕರಾವಳಿಯ ಮೀನುಗಾರರ ಮನೆಯಲ್ಲಿ. ತಾಮ್ರದ ಗಣಿಯ ಕೆಲಸಗಾರನನ್ನು ಮದುವೆಯಾಗಿ ಈ ಬೆಟ್ಟಕ್ಕೆ ಬಂದರು. ಕೆಲವು ವರ್ಷಕ್ಕೆ ಗಣಿ ಮುಚ್ಚಿತು, ಅದರ ದೂಳು ಗಂಡನ ಎದೆಯಲ್ಲಿ ಉಳಿಯಿತು. ಕೆಮ್ಮುವ ಗಂಡನನ್ನು ಬಿಟ್ಟು ದೂರ ದುಡಿಯಲು ಹೋಗುವಂತಿರಲಿಲ್ಲ. ಬೆಳಗಿನ ಹೊತ್ತು ಗೋರಿಗಳನ್ನು ಗುಡಿಸಿ ತೊಳೆಯುವ ಕೆಲಸವನ್ನು ಗುಡಿಯ ಗುರುಗಳು ಕೊಟ್ಟರು. ಊರು ಬಿಟ್ಟು ಹೋದ ಮನೆಗಳವರು ಗುಡಿಯ ಮೂಲಕ ವರ್ಷಕ್ಕೊಮ್ಮೆ ಹಣ ಕಳಿಸುತ್ತಾರೆ. ಬೇಸಿಗೆಯಲ್ಲಿ ಬೆಳಗಿಗೆ ಇಪ್ಪತ್ತು ಗೋರಿ ಮುಗಿಯುತ್ತವೆ, ಹಿಮ ಬಿದ್ದರೆ ಹತ್ತೂ ಕಷ್ಟ. ಗಂಡ ತೀರಿಕೊಂಡ ಮೇಲೂ ಅವರು ಕೆಲಸ ಬಿಡಲಿಲ್ಲ. "ಮನೇಲಿ ಕೂತು ಏನ್ ಮಾಡ್ಲಿ? ಇಲ್ಲಾದ್ರೆ ಅವರೂ ಸೇರಿ ಎಲ್ರೂ ಇದಾರೆ" ಎಂದು ನಗುತ್ತಾರೆ.

ಆ ದಿಬ್ಬಕ್ಕೆ ಮಾತ್ರ ಯಾರೂ ಹಣ ಕಳಿಸುವುದಿಲ್ಲ. ದೇವದಾರು ಮರಗಳ ಬುಡದಲ್ಲಿ ಒಂದಾಳೆತ್ತರಕ್ಕೂ ಕಡಿಮೆಯ ಮಣ್ಣಿನ ಗುಪ್ಪೆ, ಮುಂದೊಂದು ಕೆತ್ತದ ಕಲ್ಲು, ಹೆಸರಿಲ್ಲ. ಎರಡನೇ ಮಹಾಯುದ್ಧದ ಕೊನೆಯ ವರ್ಷ ಚೀನಾದ ಹಳ್ಳಿಗಳಿಂದ ಹಿಡಿದು ತಂದು ಗಣಿಯಲ್ಲಿ ದುಡಿಸಿದ ಗಂಡಸರು ಅದರಡಿ ಇದ್ದಾರೆ. ಹಸಿವು, ಚಳಿ, ಹೊಡೆತ, ಒಬ್ಬೊಬ್ಬರು ಒಂದೊಂದರಿಂದ ಸತ್ತವರು. ತೊಕಿಯೆಯ ಅತ್ತೆಗೆ ಇದು ಗೊತ್ತಿತ್ತು. ಆದರೆ ಆ ಮಾತು ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರಂತೆ. ಹೇಳಿಸಿಕೊಳ್ಳದೆಯೇ ತೊಕಿಯೆ ಆ ದಿಬ್ಬವನ್ನೂ ಗುಡಿಸಲು ಹಿಡಿದರು. "ಪಕ್ಕದ ಗೋರಿವರೆಗೂ ಗುಡಿಸಿ ಇದೊಂದನ್ನ ಬಿಟ್ಟು ಹೋಗೋಕಾಗತ್ತಾ? ಅಂಗಳ ಅರ್ಧ ಗುಡಿಸಿ ಪೊರಕೆ ಇಟ್ಟ ಹಾಗಾಗತ್ತೆ."

ಅದರಡಿ ಮಲಗಿರುವ ಒಬ್ಬನಿಗೆ ಮಗನಿದ್ದಾನೆ ಎಂದು ತಿಳಿದದ್ದು ಮೂರು ವರ್ಷದ ಹಿಂದೆ. ಚೀನಾದ ಹೆಬೇ ಪ್ರಾಂತ್ಯದ ರೈತ ಗೆಂಗ್ ಶಿಲಿನ್, ಆಗಲೇ ಎಂಬತ್ತರ ಹತ್ತಿರದವರು. ಅಪ್ಪನನ್ನು ಸೈನಿಕರು ಎಳೆದೊಯ್ದಾಗ ಅವರಿಗೆ ಇನ್ನೂ ನಡಿಗೆ ಬಂದಿರಲಿಲ್ಲ. ಬದುಕಿ ವಾಪಸಾದ ಊರವನೊಬ್ಬ ಈ ಕಣಿವೆಯ ಹೆಸರನ್ನು ಅವರ ತಾಯಿಗೆ ಹೇಳಿದ್ದ. ಮೊಮ್ಮಗಳು ಯಾಚಿಂಗ್ ಜಪಾನಿ ಕಲಿತು ಸೆಂಡೈ ನಗರದ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಒಂದು ನವೆಂಬರಿನಲ್ಲಿ ತಾತನನ್ನು ಇಲ್ಲಿಗೆ ಕರೆತಂದಳು.

ಅವತ್ತು ಮುದುಕರು ದಿಬ್ಬಕ್ಕೆ ಬೊಗಸೆ ಬೊಗಸೆ ಹೊಸ ಮಣ್ಣು ಏರಿಸಿದರು. ಮದ್ಯ ಎರೆದರು. ಆವಿಯಲ್ಲಿ ಬೇಯಿಸಿದ ಬನ್ನು ಇಟ್ಟರು, ಒಂದು ಸಿಗರೇಟು ಹೊತ್ತಿಸಿ ಕಲ್ಲಿನ ಮುಂದೆ ನೆಟ್ಟರು. ಕೊನೆಗೆ ದಿಬ್ಬದ ನೆತ್ತಿಯ ಮೇಲೆ ಹಳದಿ ಕಾಗದವಿಟ್ಟು ಹೆಂಟೆಯಿಂದ ಒತ್ತಿದರು. ತೊಕಿಯೆ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ತಾತ, ಮೊಮ್ಮಗಳು ತಲೆಬಾಗಿ ಇಳಿದು ಹೋದರು.

ಅವರು ಹೋದದ್ದೇ ತಡ, ತೊಕಿಯೆ ಕೆಲಸಕ್ಕೆ ಇಳಿದರು. ಈ ಊರಲ್ಲಿ ಗೋರಿಗೆ ಇಟ್ಟ ತಿಂಡಿಯನ್ನು ಅಲ್ಲೇ ಬಿಡುವುದಿಲ್ಲ, ಕಾಗೆ ಬಂದು ಚೆಲ್ಲಾಡಿದರೆ ಸತ್ತವರಿಗೆ ಅವಮಾನ. ಬನ್ನು ಎತ್ತಿಕೊಂಡರು. ಸಿಗರೇಟಿನ ತುಂಡು ಹೆಕ್ಕಿದರು. ಗಾಳಿಗೆ ಪಟಪಟ ಎನ್ನುತ್ತಿದ್ದ ಕಾಗದವನ್ನು ಹೆಂಟೆಯಡಿಯಿಂದ ಎಳೆದು ಕಸದ ಚೀಲಕ್ಕೆ ಹಾಕಿದರು. ದೂರದಿಂದ ಬಂದವರ ಗೋರಿ ಎಂದು ಸುತ್ತಲೂ ಇನ್ನೊಮ್ಮೆ ಗುಡಿಸಿದರು. ತಲೆಯೆತ್ತಿದಾಗ, ಮರೆತ ಊರುಗೋಲಿಗಾಗಿ ಮೊಮ್ಮಗಳೊಡನೆ ಮತ್ತೆ ಹತ್ತಿ ಬಂದಿದ್ದ ಶಿಲಿನ್ ಎದುರಿಗೇ ನಿಂತಿದ್ದರು.

ಸತ್ತವನಿಗೆ ವಾರಸುದಾರ ಇದ್ದಾನೆ, ಬಂದು ಹೋಗಿದ್ದಾನೆ ಎಂಬುದಕ್ಕೆ ಅವರ ಊರಿನಲ್ಲಿ ಆ ಕಾಗದವೇ ಗುರುತು. ಕಾಗದವಿಲ್ಲದ ದಿಬ್ಬ ವಂಶವೇ ನಿಂತುಹೋದವನದು. ತೊಕಿಯೆಗೆ ಇದೊಂದೂ ಗೊತ್ತಿರಲಿಲ್ಲ. ಮುದುಕರು ಕೂಗಾಡಿದರು. ಯಾಚಿಂಗ್ ಜಪಾನಿಯಲ್ಲಿ ಹೇಳಲು ಹಿಂಜರಿದು ನೆಲ ನೋಡಿದಳು.

"ಹೇಳಮ್ಮ," ಎಂದರು ತೊಕಿಯೆ. "ಬೈತಿದಾರೆ ಅಂತ ಗೊತ್ತಾಗ್ತಿದೆ. ಏನಂತ ಗೊತ್ತಾಗ್ಲಿ."

"ಅಪ್ಪನ್ನ ಕೊಂದ್ರಿ, ಈಗ ಮಗ ಬಂದಿದ್ದ ಅನ್ನೋದನ್ನೂ ಗುಡಿಸಿ ಹಾಕ್ತೀರಾ ಅಂತಿದಾರೆ, ಅಜ್ಜಿ. ಇನ್ಮೇಲೆ ನೀವು ಆ ಮಣ್ಣು ಮುಟ್ಟಬಾರದಂತೆ."

ತೊಕಿಯೆ ಕಸದ ಚೀಲಕ್ಕೆ ಕೈಹಾಕಿ ಕಾಗದ ಹುಡುಕಿ ತೆಗೆದರು. ತೊಡೆಯ ಮೇಲೆ ಹರವಿ ಅಂಗೈಯಿಂದ ತೀಡಿದರು. ಶಿಲಿನ್ ಅದನ್ನು ಕಸಿದು ಜೇಬಿಗೆ ಹಾಕಿಕೊಂಡು ಇಳಿದು ಹೋದರು.

ಅಂದಿನಿಂದ ತೊಕಿಯೆಯ ಪೊರಕೆ ಪಕ್ಕದ ಗೋರಿಗೇ ನಿಂತಿತು. ಆ ಚಳಿಗಾಲ ಕಳೆಯಿತು, ಮರುವರ್ಷದ ಬೇಸಿಗೆಯೂ ಬಂತು. ದಿಬ್ಬದ ಮೇಲೆ ಹುಲ್ಲು ಎದ್ದಿತು, ಕಲ್ಲಿಗೆ ಪಾಚಿ ಹತ್ತಿತು. "ಕೈ ತುರಿಸ್ತಿತ್ತು. ಕಣ್ಣು ಆ ಕಡೆ ಹೋಗದ ಹಾಗೆ ಬೆನ್ನು ತಿರುಗಿಸಿ ಗುಡಿಸ್ತಿದ್ದೆ" ಎಂದು ನೆನೆಯುತ್ತಾರೆ.

ಸ್ಮಶಾನದ ಬೇಲಿಗೆ ಹೊಂದಿಕೊಂಡೇ ಕುಮಗಾಯಿ ಅವರ ಮನೆ. ತೊಂಬತ್ತರ ಹತ್ತಿರದ ಈ ಹಿರಿಯರು ಬೇಲಿಯಾಚೆಯಿಂದ ಕೆಣಕುತ್ತಿದ್ದರು: "ಒಳ್ಳೇದೇ ಆಯ್ತು ಬಿಡು ತೊಕಿಯೆ. ಬಿಟ್ಟಿ ಚಾಕರಿ ತಪ್ತು. ಯುದ್ಧಕ್ಕೆ ಅಂತ ಚೀನಾಕ್ಕೆ ಹೋದ ನಮ್ಮಣ್ಣನ ಒಂದು ಮೂಳೆನೂ ವಾಪಸ್ ಬರ್ಲಿಲ್ಲ. ಅವನ ಮೇಲೆ ಯಾರು ಗುಡಿಸ್ತಿದಾರೆ?"

"ನಿಮ್ಮಣ್ಣನ್ನ ಕಳ್ಸಿದ್ದು ಈ ದಿಬ್ಬದೋರಲ್ವಲ್ಲ ಕುಮಗಾಯಿ ಅವ್ರೇ."

"ಓಹೋ, ಬಾಯಿ ಮಾತ್ರ ಚೂಪು! ಪೊರಕೆ ಮೊಂಡಾಗಿದೆ ನೋಡ್ಕೊ."

ಒಂದು ಸಂಜೆ ಸೆಂಡೈಯಿಂದ ಯಾಚಿಂಗ್ ಫೋನ್ ಮಾಡಿದಳು. ದಿಬ್ಬ ಹೇಗಿದೆ ಎಂದು ಕೇಳಿದಳು.

"ಹುಲ್ಲು ಸೊಂಟದವರೆಗೂ ಬೆಳ್ದಿದೆ."

"ಅಯ್ಯೋ! ನೀವು ತೆಗೀಲಿಲ್ವಾ ಅಜ್ಜಿ?"

"ತಾತ ಮುಟ್ಟಬೇಡ ಅಂದಿದಾರಲ್ಲಮ್ಮ."

ಯಾಚಿಂಗ್ ಇದನ್ನು ಊರಿಗೆ ಹೇಳಿದಳು. ಮುದುಕರು ನಂಬಲಿಲ್ಲ. "ನಿಜವಾಗ್ಲೂ ಮುಟ್ಟಿಲ್ವಾ? ಯಾರೂ ನೋಡದಿರುವಾಗಲೂ?" ಎಂದು ಎರಡು ಸಲ ಕೇಳಿದರಂತೆ.

ಮುಂದಿನ ಏಪ್ರಿಲಿನಲ್ಲಿ, ಗೋರಿಗಳನ್ನು ಓರಣ ಮಾಡುವ ತಮ್ಮ ಹಬ್ಬದ ದಿನಕ್ಕೆ ಶಿಲಿನ್ ಮತ್ತೆ ಬಂದರು. ಅವರ ಊರಿನಲ್ಲಿ ಆ ಹೊತ್ತಿಗೆ ಗೋಧಿ ಹಸಿರಾಗಿರುತ್ತದೆ. ಇಲ್ಲಿ ಆ ವರ್ಷ ಎದೆಯೆತ್ತರ ಹಿಮ. ದಿಬ್ಬವೂ ಇಲ್ಲ, ಕಲ್ಲೂ ಇಲ್ಲ, ಎಲ್ಲ ಒಂದೇ ಬಿಳುಪು. ಮುದುಕರು ಊರುಗೋಲಿನಿಂದ ಅಲ್ಲೊಮ್ಮೆ ಇಲ್ಲೊಮ್ಮೆ ಚುಚ್ಚಿ ನೋಡಿ ಸೋತು ನಿಂತರು. ಪಕ್ಕದ ಗೋರಿಯ ಬಳಿ ತೊಕಿಯೆ ಸಲಿಕೆ ಹಿಡಿದು ನಿಂತಿದ್ದರು. ಒಂದು ಹೆಜ್ಜೆಯೂ ಮುಂದಿಡಲಿಲ್ಲ.

"ಕರಿ ಅವಳನ್ನ" ಎಂದರು ಶಿಲಿನ್. ಯಾಚಿಂಗ್ ಕರೆದಳು.

"ಮುಟ್ಟಬಹುದಾ ಅಂತ ಕೇಳು" ಎಂದರು ತೊಕಿಯೆ.

ಮುದುಕರು ತಲೆಯಾಡಿಸಿದರು. ಇಬ್ಬರೂ ಸೇರಿ ಹಿಮ ತೋಡಿದರು. ಸಲಿಕೆ ಹಿಡಿದದ್ದು ತೊಕಿಯೆ. ಒಳಗಿನ ಕಲ್ಲು ಕಂಡ ಮೇಲೆ ಶಿಲಿನ್ ಮೊಣಕಾಲೂರಿ ಬರಿಗೈಯಿಂದ ಕೆರೆದರು. ಆದರೆ ಏರಿಸಲು ಮಣ್ಣೇ ಸಿಗಲಿಲ್ಲ. ನೆಲ ಕಬ್ಬಿಣದಂತೆ ಹೆಪ್ಪುಗಟ್ಟಿತ್ತು.

ಬೇಲಿಯಾಚೆಯಿಂದ ಎಲ್ಲ ನೋಡುತ್ತಿದ್ದ ಕುಮಗಾಯಿ ಒಳಗೆ ಹೋಗಿ, ಬಕೆಟ್ಟಿನ ತುಂಬ ಕರಿಮಣ್ಣು ಎಳೆದುಕೊಂಡು ಬಂದರು. ಚಳಿಗಾಲಕ್ಕೆಂದು ಕೊಟ್ಟಿಗೆಯಲ್ಲಿ ಈರುಳ್ಳಿಗಿಡ ಹೂತಿಡುವ ಪೆಟ್ಟಿಗೆಯ ಮಣ್ಣು. ಬಕೆಟ್ಟು ಕೊಡುವ ಮುನ್ನ ಅವರು ಯಾಚಿಂಗ್‌ಗೆ ಹೇಳಿದರು: "ನಮ್ಮಣ್ಣ ನಿಮ್ಮ ಸೀಮೇಲೇ ಸತ್ತದ್ದು. ಈ ತಾತ ಊರಿಗೆ ಹೋದ್ಮೇಲೆ ಎಲ್ಲಾದ್ರೂ ಅವನಿಗೂ ಒಂದು ಕಾಗದ ಇಡ್ತಾರಾ ಕೇಳು."

ಶಿಲಿನ್ ಮೊಮ್ಮಗಳ ಕಡೆ ತಿರುಗಿದರು. "ಅವನು ನಮ್ಮೂರಿಗೆ ಬಂದೂಕು ಹಿಡ್ಕೊಂಡು ಬಂದಿದ್ದ. ಆಗಲ್ಲ. ನನ್ನ ಕೈಲಿ ಆಗಲ್ಲ ಅನ್ನು."

"ಗೊತ್ತಿತ್ತು. ಆದ್ರೂ ಕೇಳ್ದೆ" ಎಂದ ಕುಮಗಾಯಿ ಬಕೆಟ್ಟನ್ನು ಕೆಳಗಿಟ್ಟರು. "ಮಣ್ಣು ತಗೊಳ್ಳೋಕೆ ಹೇಳು. ಸ್ವಲ್ಪ ಈರುಳ್ಳಿ ನಾತ ಬರತ್ತೆ."

ಮುದುಕರು ಆ ಮಣ್ಣನ್ನೇ ಏರಿಸಿದರು. ಕಾಗದವಿಟ್ಟು ಗಾಳಿಗೆ ಹಾರದಂತೆ ಹಿಡಿಯಲು ತೊಕಿಯೆಗೆ ಸನ್ನೆ ಮಾಡಿದರು. ತೊಕಿಯೆ ಎರಡು ಬೆರಳಿನಿಂದ ಒತ್ತಿ ಹಿಡಿದರು, ಶಿಲಿನ್ ಅದರ ಮೇಲೆ ಕಲ್ಲಿಟ್ಟರು. ಕ್ಷಮೆ ಕೇಳಿದ್ದಾಗಲಿ ಕೊಟ್ಟದ್ದಾಗಲಿ ನಡೆಯಲಿಲ್ಲ. ಇಳಿದು ಹೋಗುವಾಗ ಮಾತ್ರ ಶಿಲಿನ್ ಕೈಯಾಡಿಸಿ ಹುಲ್ಲು ಕೀಳುವ ಹಾಗೆ ತೋರಿಸಿದರು.

"ಬೇಸಿಗೇಲಿ ತೆಗೀರಿ ಅಂತಿದಾರೆ" ಎಂದಳು ಯಾಚಿಂಗ್.

"ಅಷ್ಟು ನನಗೂ ಅರ್ಥ ಆಯ್ತಮ್ಮ."

ಈ ವರ್ಷ ಶಿಲಿನ್ ಬರಲಿಲ್ಲ. ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ, ಮೊಮ್ಮಗಳೂ ರಜೆ ಹಾಕಿ ಅವರ ಜೊತೆಗಿದ್ದಾಳೆ. ಕಾಗದ ಅಂಚೆಯಲ್ಲಿ ಬಂತು. ನಿನ್ನೆ ಸಂಜೆ ಫೋನಿನಲ್ಲಿ ತೊಕಿಯೆ ಪಟ್ಟಾಗಿ ಕೇಳಿದರು: "ಮನೆಯವರೇ ಇಡಬೇಕಲ್ವಾ? ನಾನು ಇಟ್ರೆ ಸುಳ್ಳಾಗಲ್ವಾ?" ಅತ್ತ ತಾತ, ಮೊಮ್ಮಗಳ ನಡುವೆ ಏನೋ ಗುಸುಗುಸು ನಡೆಯಿತು. ಕೊನೆಗೆ ಯಾಚಿಂಗ್ ಹೇಳಿದಳು: "ಮುಟ್ಟಬೇಡ ಅಂದಾಗ ಮುಟ್ಟದೇ ಇದ್ದೋರು ಇಟ್ರೆ ಸುಳ್ಳಾಗಲ್ವಂತೆ. ಇಡೋವಾಗ ಯಾರು ಕಳ್ಸಿದ್ದು ಅಂತ ಬಾಯಿಬಿಟ್ಟು ಹೇಳ್ಬೇಕಂತೆ ಅಜ್ಜಿ. ನಿಮ್ಮ ಭಾಷೆಲೇ ಹೇಳಿ. ಅಷ್ಟು ವರ್ಷ ಆ ಮಣ್ಣಲ್ಲಿದ್ದೋರಿಗೆ ಅರ್ಥ ಆಗದೇ ಇರತ್ತಾ ಅಂತಾರೆ."

ಸೂರ್ಯ ಬೆಟ್ಟದ ಅಂಚಿಗೆ ಬಂದಿದ್ದಾನೆ. ತೊಕಿಯೆ ದಿಬ್ಬದ ಹಿಮ ಬಳಿದು, ಮನೆಯಿಂದ ಬುಟ್ಟಿಯಲ್ಲಿ ತಂದ ಮಣ್ಣು ಏರಿಸುತ್ತಾರೆ. ತಲೆಯ ಟವೆಲು ಬಿಚ್ಚಿ ಕೈ ಒರೆಸಿಕೊಳ್ಳುತ್ತಾರೆ. ಕಾಗದ ಬಿಡಿಸಿ ನೆತ್ತಿಯ ಮೇಲಿಟ್ಟು ಕಲ್ಲು ಹೇರುತ್ತಾರೆ. ಸಾತೊ ಅಜ್ಜಿಯೊಡನೆ ಅಷ್ಟು ಸಲೀಸಾಗಿ ಹರಟಿದವರು ಇಲ್ಲಿ ಮೊದಲು ಬೂಟಿನ ಹಿಮ ಕೊಡವುತ್ತಾರೆ. ಮೊಣಕಾಲೂರುತ್ತಾರೆ, ಎದೆಯ ಮುಂದೆ ಕೈ ಜೋಡಿಸುತ್ತಾರೆ.

"ಶಿಲಿನ್ ಅವರು ಕಳ್ಸಿದಾರೆ. ನಿಮ್ಮ ಮಗ" ಎನ್ನುತ್ತಾರೆ. ಆಮೇಲೆ ನೆರೆಮನೆಯವರಿಗೆ ಸುದ್ದಿ ಮುಟ್ಟಿಸುವ ದನಿಯಲ್ಲಿ ಮುಗಿಸುತ್ತಾರೆ: "ಚೆನ್ನಾಗಿದಾರೆ. ಮಂಡಿ ನೋವಷ್ಟೇ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದಾರಂತೆ."