ಹೈಡ್ರಾ ಬೇಡ ಎಂದ ಅಬ್ರಾರ್

ಹಸಿ ಮರದ ವಾಸನೆ ಮೂಗಿಗೆ ಬಡಿದರೆ ಅಬ್ರಾರ್ ಅವರಿಗೆ ಈಗಲೂ ಅಬ್ಬಾನ ಲುಂಗಿ ನೆನಪಾಗುತ್ತದೆ. ಶಿವಾಜಿನಗರದ ಸಾಮಿಲ್ಲಿನಿಂದ ಸಂಜೆ ಬರುತ್ತಿದ್ದ ಅಬ್ಬಾ ಹೊಸ್ತಿಲ ಹೊರಗೇ ನಿಂತು ಲುಂಗಿಗೆ ಹತ್ತಿದ ಮರದ ಹೊಟ್ಟು ಕೊಡವುತ್ತಿದ್ದರು. ತುಸು ಹುಳಿ, ತುಸು ಸಿಹಿಯ ಆ ವಾಸನೆ ಮಾತ್ರ ಹೇಗೋ ಒಳಗೆ ಬಂದುಬಿಡುತ್ತಿತ್ತು. ಇವತ್ತು ಬೆಳಗಿನ ಐದೂವರೆಗೆ ಜೋಗುಪಾಳ್ಯದ ಈ ಓಣಿಯಲ್ಲಿ ಅದೇ ವಾಸನೆ. ಗಾಳಿಗೆ ಸೀಳಿದ ಮಳೆಮರವೊಂದು ಶೇಷಮ್ಮ ಎಂಬವರ ಮನೆಯ ತಾರಸಿಯ ಮೇಲೆ ವಾಲಿ ನಿಂತಿದೆ. ಐವತ್ತಮೂರರ ಅಬ್ರಾರ್ ಕೊಡಲಿಯ ಹಿಂಬದಿಯಿಂದ ಕಾಂಡವನ್ನು ತಟ್ಟುತ್ತಾರೆ, ಕಿವಿಗೊಡುತ್ತಾರೆ, ಮತ್ತೆ ತಟ್ಟುತ್ತಾರೆ.

ಮರ ತೆಗೆಯುವುದನ್ನು ನೋಡಲು ನಿಂತವರ ಕಣ್ಣು ಕ್ರೇನಿನ ಮೇಲಿರುತ್ತದೆ. ಕೊಂಬೆ ಹತ್ತಿ, ಕ್ರೇನಿನ ಕೊಕ್ಕೆಗೆ ಸಿಕ್ಕಿಸುವ ಬೆಲ್ಟನ್ನು ಅದಕ್ಕೆ ಬಿಗಿಯುವ ಆಳು ಎಲೆಗಳ ನಡುವೆ ಯಾರಿಗೂ ಕಾಣುವುದಿಲ್ಲ, ಕ್ರೇನಿನವನೊಬ್ಬನಿಗೆ ಬಿಟ್ಟು. ಅವನೂ ಮರ ನೋಡುವುದಿಲ್ಲ. ಆ ಆಳಿನ ಬಲಗೈ ಹೇಳಿದಂತೆ ಎತ್ತುತ್ತಾನೆ, ಇಳಿಸುತ್ತಾನೆ. ಮೂವತ್ತೊಂದು ವರ್ಷಗಳಿಂದ ಅಬ್ರಾರ್ ಆ ಬಲಗೈ ಆಗಿದ್ದಾರೆ. ಹಲಸೂರಿನಿಂದ ಟಿನ್ ಫ್ಯಾಕ್ಟರಿವರೆಗೆ, ಮಳೆಗಾಲದಲ್ಲಿ ದಿನಕ್ಕೆ ಮೂರು ಮರ.

"ಎಲ್ಲಾ ಕ್ರೇನೂ ಒಂದೇ ಅಂದ್ಕೊಂಡಿದಾರೆ ಜನ," ಎನ್ನುತ್ತಾರೆ ಅವರು. "ಬಕೆಟ್ ಗಾಡಿ ಮನುಷ್ಯನ್ನ ಎತ್ತುತ್ತೆ, ಮರ ಎತ್ತಲ್ಲ. ಹೈಡ್ರಾ ಅನ್ನೋ ಚಿಕ್ಕ ಕ್ರೇನ್ ದಿಮ್ಮಿ ಹಿಡ್ಕೊಂಡೇ ನಡಿಯುತ್ತೆ, ರೋಡಲ್ಲಿ ಬಿದ್ದಿರೋ ಮರಕ್ಕೆ ಅದೇ ಸರಿ. ಆದ್ರೆ ಅದು ಬರೀ ಟೈರ್ ಮೇಲೆ ನಿಲ್ಲೋದು. ತೋಳು ಚಾಚಿದಷ್ಟೂ ತಾಕತ್ತು ಕಮ್ಮಿ. ಮನೆ ಮೇಲಿಂದ ದಾಟಿಸ್ಬೇಕಂದ್ರೆ ದೊಡ್ಡ ಲಾರಿ ಕ್ರೇನೇ ಆಗ್ಬೇಕು. ನಾಲ್ಕು ಕಾಲು ಊರ್ಕೊಂಡು ನಿಲ್ಲುತ್ತೆ ಅದು."

ಓಣಿಯಲ್ಲಿ ಬಂದು ನಿಂತಿರುವುದು ಹೈಡ್ರಾ. ದೊಡ್ಡ ಕ್ರೇನು ಮುಖ್ಯರಸ್ತೆಯಲ್ಲಿ ನಿಲ್ಲಬೇಕು, ಅದಕ್ಕೆ ಅರ್ಧ ರಸ್ತೆ ಮುಚ್ಚಬೇಕು, ಪೊಲೀಸರ ಬಳಿ ಓಡಾಡಬೇಕು. ಗುತ್ತಿಗೆದಾರ ಜಗನ್‌ಗೆ ಅಷ್ಟು ತಾಳ್ಮೆಯಿಲ್ಲ.

"ಏನ್ ಭಾಯ್, ಹತ್ತಲ್ವಾ? ವಯಸ್ಸಾಯ್ತಾ?"

"ಹತ್ತೋಕೆ ಹತ್ತುತೀನಿ. ಈ ಗಾಡಿಗೆ ಬೆಲ್ಟ್ ಕಟ್ಟಲ್ಲ."

"ಕಟ್ಟೋರು ಬೇಕಾದಷ್ಟು ಜನ ಸಿಗ್ತಾರೆ ಗುರು."

"ಕರೀರಿ. ಅವರಿಗೂ ಇದನ್ನೇ ಹೇಳ್ತೀನಿ."

ಮೂರು ವರ್ಷದ ಹಿಂದೆ ಇಂದಿರಾನಗರದಲ್ಲಿ ಅವರು ಹೀಗೆ ಹೇಳಲಿಲ್ಲ. ಅಲ್ಲಿಯೂ ಹೈಡ್ರಾ ಬಂದಿತ್ತು. ಬೆಲ್ಟು ಕಟ್ಟಿ, ಕೊಂಬೆ ಅರ್ಧ ಕೊಯ್ದಾಗಿತ್ತು. ಕೆಂಜಿಗ ಇರುವೆಗಳು ಕುತ್ತಿಗೆಗೆ ಹತ್ತಿ ಕಚ್ಚಿದವು. ತಡೆಯಲಾರದೆ ಅಬ್ರಾರ್ ಬಲಗೈ ಎತ್ತಿ ಒರೆಸಿಕೊಂಡರು. ಕ್ರೇನಿನವನು ಅದನ್ನು ಎತ್ತುವ ಸನ್ನೆ ಎಂದುಕೊಂಡ. ಹೈಡ್ರಾ ಓಲಾಡಿತು, ಕೊಂಬೆ ಜೋಲಿ ಹೊಡೆದು ಕೆಳಗೆ ಹಗ್ಗ ಹಿಡಿದಿದ್ದ ಜೊತೆಗಾರ ಹಸನ್ ಅವರ ಸೊಂಟಕ್ಕೆ ಬಡಿಯಿತು. ಹಸನ್ ಇವತ್ತಿಗೂ ಎದ್ದು ನಡೆದಿಲ್ಲ. ಅಪಘಾತದ ವರದಿಯಲ್ಲಿ 'ಬೆಲ್ಟು ಕಟ್ಟುವವನ ತಪ್ಪು' ಎಂದು ಬರೆಯಲಾಯಿತು. ಆ ಕೆಲಸಕ್ಕೆ ಹೈಡ್ರಾ ತಂದವರ ಹೆಸರು ಅದರಲ್ಲಿ ಎಲ್ಲೂ ಇಲ್ಲ.

"ತಪ್ಪು ನಂದೇ. ಕಚ್ಚಿದ್ರೆ ಕಚ್ಚಲಿ ಅಂತ ಇರ್ಬೇಕಿತ್ತು," ಎನ್ನುತ್ತಾರೆ ಅಬ್ರಾರ್. "ಆದ್ರೆ ದೊಡ್ಡ ಕ್ರೇನ್ ನಮ್ ತಪ್ಪನ್ನ ತಡ್ಕೊಳ್ಳುತ್ತೆ. ಹೈಡ್ರಾ ತಡ್ಕೊಳ್ಳಲ್ಲ."

ಹೊತ್ತೇರುತ್ತದೆ. ಮರ ತೆಗೆಯುವವರೆಗೆ ಕರೆಂಟಿಲ್ಲದ ಓಣಿ ಗೊಣಗುತ್ತದೆ. "ಹೆಣ್ಣು ನೋಡೋಕೆ ಬಂದೋರ್ ಥರ ಕ್ರೇನ್ ನೋಡ್ತಾವ್ರೆ," ಎಂದು ಒಬ್ಬ ಕಿಸಕ್ಕೆನ್ನುತ್ತಾನೆ. ಅಬ್ರಾರ್ ತಲೆ ಎತ್ತುವುದಿಲ್ಲ. ಜಗನ್ ಕೊನೆಗೆ ಶೇಷಮ್ಮನವರ ಬಾಗಿಲಿಗೆ ಹೋಗುತ್ತಾನೆ.

"ಅಮ್ಮಾ, ನೀವಾದ್ರೂ ಹೇಳಿ ಇವರಿಗೆ."

"ನಾನೇನಪ್ಪಾ ಹೇಳ್ಲಿ? ಹತ್ತೋರು ಅವರು. ಅವರು ಬೇಡ ಅಂದ್ಮೇಲೆ ನನ್ ತಾರಸಿ ಮೇಲೂ ಅದು ಬೇಡ," ಎಂದು ಆಕೆ ಗೇಟಿನ ಚಿಲಕ ಹಾಕಿಕೊಳ್ಳುತ್ತಾರೆ.

ಬೇರೆ ದಾರಿ ಕಾಣದೆ ಜಗನ್ ಪೊಲೀಸರ ಬಳಿ ಓಡುತ್ತಾನೆ. ಹನ್ನೊಂದಕ್ಕೆ ದೊಡ್ಡ ಕ್ರೇನು ಬರುತ್ತದೆ. ಮುಖ್ಯರಸ್ತೆಯಲ್ಲೇ ಕಾಲೂರಿ, ಎರಡು ಮನೆಗಳ ಮೇಲಿಂದ ತೋಳು ಚಾಚುತ್ತದೆ. ಅಬ್ರಾರ್ ಬರಿಗಾಲಲ್ಲಿ ಹತ್ತುತ್ತಾರೆ. ಎರಡೂವರೆಯ ಹೊತ್ತಿಗೆ ಮಳೆಮರ ಹದಿನಾಲ್ಕು ತುಂಡಾಗಿ ರಸ್ತೆಯಲ್ಲಿದೆ. ತಾರಸಿಯ ಮೂಲೆಯಲ್ಲಿದ್ದ ತುಳಸಿ ಕುಂಡ ಕೂಡ ಅಲುಗಿಲ್ಲ. ಓಣಿಯ ಜನ ಕ್ರೇನಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಜಗನ್ ಎಲ್ಲರೆದುರಿಗೇ ಹೇಳುತ್ತಾನೆ: "ನಾಳೆಯಿಂದ ಬರ್ಬೇಡ ಭಾಯ್. ಕೂಲಿಯವನು ಸಾಕು ನಂಗೆ, ಎಂಜಿನಿಯರ್ ಬೇಡ."

ಅಬ್ರಾರ್ ಬೆಲ್ಟಿನ ಮಣ್ಣು ಒರೆಸಿ, ಸುರುಳಿ ಸುತ್ತಿ, ಜಗನ್‌ನ ಜೀಪಿನಲ್ಲಿಟ್ಟು ಬರುತ್ತಾರೆ. ಅವರಿಗೆ ಇರುವುದು ಒಂದೇ ಆಸೆಯಂತೆ: "ಯಾವ ಕ್ರೇನ್ ಅಂತ ತೀರ್ಮಾನ ಮಾಡೋವಾಗ, ಹತ್ತೋನನ್ನ ಒಂದ್ಮಾತು ಕೇಳ್ಬೇಕು. ಅಷ್ಟೇ."

ಹೈಡ್ರಾದ ಚಾಲಕ ಓವೈಸ್ ಬೆಳಗಿನಿಂದ ಎಂಜಿನ್ ಆರಿಸಿ ಸುಮ್ಮನೆ ಕೂತಿದ್ದಾನೆ. ಅಬ್ರಾರ್ ಬೇಡ ಎಂದದ್ದಕ್ಕೆ ಅವನ ದಿನದ ಕೂಲಿಯೂ ಹೋಯಿತು. ಅವನೀಗ ಕೆಳಗಿಳಿದು ಬಂದು, ಫುಟ್‌ಪಾತಿನಲ್ಲಿ ಅಬ್ರಾರ್ ಪಕ್ಕ ಕೂರುತ್ತಾನೆ. ಬಟ್ಟೆಯ ಗಂಟು ಬಿಚ್ಚಿ, ತನ್ನ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ: ಕುಷ್ಕಾ ಅನ್ನ, ಮೇಲೊಂದು ಬೇಯಿಸಿದ ಮೊಟ್ಟೆ. ಡಬ್ಬಿಯನ್ನು ಹಾಗೆಯೇ ಅಬ್ರಾರ್ ಕೈಗಿಟ್ಟು, ತಾನು ಅತ್ತ ನೋಡುತ್ತಾ ಕೂರುತ್ತಾನೆ.